ತ್ರೀ ನಾಟ್ ತ್ರೀ ಹಿಂದಿನ ಗಡಿಯಾರದವನು

ಸಕಲೇಶಪುರದ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಕೇಪಿನ ಕೋವಿ ಇತ್ತು. ಒಂದು ಮಳೆಗಾಲ ಅದರ ಮರ ಉದ್ದಕ್ಕೆ ಸೀಳಿಬಿಟ್ಟಿತು. ಅಜ್ಜ ಎಲ್ಲಿಂದಲೋ ಬೇರೊಂದು ಹಳೆಯ ಕೋವಿಯ ಗಟ್ಟಿ ಮರ ತಂದು, ನಮ್ಮ ನಳಿಗೆಯನ್ನು ಅದಕ್ಕೆ ಕೂರಿಸಿಕೊಡಿ ಎಂದು ಊರಿನ ಆಚಾರ್ರ ಮುಂದಿಟ್ಟರು. ನೋಡಲು ಎರಡೂ ಒಂದೇ ಅಳತೆಯವು. ಕೂರಿಸಿದರೆ ಮಾತ್ರ ಕೂರಲಿಲ್ಲ. ಆಚಾರ್ರು ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ನಳಿಗೆಗೆ ತೆಳ್ಳಗೆ ಸವರಿದರು. ಅದನ್ನು ಮರದ ಕಾಲುವೆಗೆ ಒತ್ತಿ ಎತ್ತಿದರು. ಮಸಿ ಅಂಟಿದ ಕಡೆ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆರೆದರು. ಮತ್ತೆ ಮಸಿ, ಮತ್ತೆ ಒತ್ತುವುದು, ಮತ್ತೆ ಕೆರೆಯುವುದು. ಮೂರು ದಿನ ಇದೇ ಕೆಲಸ. ಹುಡುಗನಾಗಿದ್ದ ನನಗೆ ಪಕ್ಕದಲ್ಲಿ ಕೂತು ನೋಡುವುದೇ ಕೆಲಸ.

ಈಗ ನಾನು ನೋಯ್ಡಾದಲ್ಲಿ ಯಂತ್ರದ ಬಿಡಿಭಾಗಗಳನ್ನು ಹಿಡಿದು ನಿಲ್ಲಿಸುವ ಫಿಕ್ಸ್ಚರುಗಳನ್ನು ವಿನ್ಯಾಸ ಮಾಡುವವನು. ಒಂದು ವಸ್ತು ಇನ್ನೊಂದರೊಳಗೆ ಸರಿಯಾಗಿ ಕೂರಬೇಕು ಅನ್ನುವುದೇ ನನ್ನ ಸಂಬಳದ ಮೂಲ. 2020ರ ಗಣರಾಜ್ಯೋತ್ಸವದ ದಿನ ಉತ್ತರ ಪ್ರದೇಶ ಪೊಲೀಸರು ತಮ್ಮ ತ್ರೀ ನಾಟ್ ತ್ರೀ ರೈಫಲ್‌ಗಳಿಗೆ ಪರೇಡಿನಲ್ಲಿ ವಿದಾಯ ಹೇಳಿದರು. ಟಿವಿಯಲ್ಲಿ ಅದನ್ನು ನೋಡುವಾಗ ಆಚಾರ್ರ ಮಸಿ ನೆನಪಾಯಿತು. ನಮ್ಮಲ್ಲಿ ಎನ್‌ಸಿಸಿ ಮಾಡಿದವರು, ಬ್ಯಾಂಕಿನ ಬಾಗಿಲಲ್ಲಿ ಕಾವಲುಗಾರನನ್ನು ಕಂಡವರು, ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರು ಎಲ್ಲರೂ ಈ ಬಂದೂಕನ್ನು ನೋಡಿದ್ದೇವೆ. ಅದರ ಪೂರ್ತಿ ಹೆಸರು ಲೀ-ಎನ್‌ಫೀಲ್ಡ್. ಎನ್‌ಫೀಲ್ಡ್ ಎಂದರೆ ಇಂಗ್ಲೆಂಡಿನ ಸರಕಾರಿ ಕಾರ್ಖಾನೆ ಇದ್ದ ಊರು. ಹಾಗಾದರೆ ಲೀ ಯಾರು ಎಂದು ಹುಡುಕಿಕೊಂಡು ಹೋದೆ. ಸಿಕ್ಕವನು ಒಬ್ಬ ಗಡಿಯಾರ ರಿಪೇರಿಯವನು. ನಮ್ಮ ಹಾಗೆಯೇ ಊರು ಬಿಟ್ಟವನು.

ಜೇಮ್ಸ್ ಪ್ಯಾರಿಸ್ ಲೀ ಹುಟ್ಟಿದ್ದು 1831ರ ಆಗಸ್ಟ್ 9ರಂದು, ಸ್ಕಾಟ್ಲೆಂಡಿನ ಹಾವಿಕ್ ಎಂಬ ಪಟ್ಟಣದಲ್ಲಿ. ಅವನಿಗೆ ಐದು ವರ್ಷವಾಗುವ ಹೊತ್ತಿಗೆ ಮನೆಯವರು ಹಡಗು ಹತ್ತಿ ಕೆನಡಾಕ್ಕೆ ಹೋದರು. ನೆಲೆಸಿದ್ದು ಗಾಲ್ಟ್ ಎಂಬಲ್ಲಿ. ಈಗ ಅದು ಒಂಟಾರಿಯೊದ ಕೇಂಬ್ರಿಜ್ ನಗರದ ಒಂದು ಭಾಗ. ಅಪ್ಪ ಜಾರ್ಜ್ ಲೀಗೆ ಗಡಿಯಾರ ಮತ್ತು ಒಡವೆಯ ಅಂಗಡಿ. ಹುಡುಗ ಸಣ್ಣ ಹಲ್ಲಿನ ಚಕ್ರಗಳು, ಸ್ಪ್ರಿಂಗ್‌ಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯ ನಡುವೆ ಬೆಳೆದ.

ಹನ್ನೆರಡನೇ ವಯಸ್ಸಿನಲ್ಲಿ ಅವನು ತನ್ನ ಮೊದಲ ಬಂದೂಕು ಮಾಡಿದ. ಹೊಸದಾಗಿ ಮಾಡಿದ ಎನ್ನುವುದಕ್ಕಿಂತ ಹೊಂದಿಸಿದ ಎನ್ನಬೇಕು. ಕುದುರೆ ಸವಾರರು ಇಟ್ಟುಕೊಳ್ಳುತ್ತಿದ್ದ ದೊಡ್ಡ ಪಿಸ್ತೂಲೊಂದು ಅಪ್ಪನ ಬಳಿ ಹಳತಾಗಿ ಬಿದ್ದಿತ್ತು. ಹುಡುಗ ಅದರ ನಳಿಗೆ ತೆಗೆದುಕೊಂಡ. ವಾಲ್‌ನಟ್, ಅಂದರೆ ಅಕ್ರೋಟ್ ಮರದ ತುಂಡನ್ನು ಕೆತ್ತಿ ಸ್ಟಾಕ್ ಮಾಡಿದ. ನಳಿಗೆಯನ್ನು ಹೊತ್ತು ಭುಜಕ್ಕೆ ಆನಿಸಿಕೊಳ್ಳುವ ಮರದ ಭಾಗಕ್ಕೆ ಸ್ಟಾಕ್ ಎನ್ನುತ್ತಾರೆ. ಮದ್ದಿಗೆ ಕಿಡಿ ತಾಗಿಸುವ ಪುಟ್ಟ ಬಟ್ಟಲಿಗೆ ಅರ್ಧ ಪೆನ್ನಿಯ ತಾಮ್ರದ ನಾಣ್ಯವನ್ನೇ ಬಳಸಿದ. ಕೈಯಲ್ಲಿ ಹಿಡಿಯಲು ಮಾಡಿದ ಗಿಡ್ಡ ನಳಿಗೆಗೆ ಭುಜಕ್ಕೇರಿಸುವ ಉದ್ದದ ಮರ! ಬಂದೂಕು ಹಾರಿತೇನೋ ಸರಿ, ಆದರೆ ಸರಿಯಾಗಿ ಕೆಲಸ ಮಾಡಲಿಲ್ಲ. ಒಂದಕ್ಕಾಗಿ ಹುಟ್ಟಿದ ನಳಿಗೆಯನ್ನು ಇನ್ನೊಂದರ ಮರಕ್ಕೆ ಒಗ್ಗಿಸುವುದು ಎಷ್ಟು ಕಷ್ಟ ಎಂಬ ಮೊದಲ ಪಾಠ ಅವನಿಗೆ ಅಲ್ಲೇ ಆಯಿತು. ಅವನ ಉಳಿದ ಬದುಕು ಬಹುಪಾಲು ಇದೇ ಪಾಠದ ಮುಂದುವರಿಕೆ.

ಹದಿನೇಳಕ್ಕೆ ಅಪ್ಪನ ಅಂಗಡಿಯಲ್ಲಿ ಗಡಿಯಾರದ ಕೆಲಸ ಕಲಿತ. ಆಮೇಲೆ ಚಾಥಮ್ ಎಂಬ ಊರಿನಲ್ಲಿ ಸ್ವಂತ ಅಂಗಡಿ, ಅಲ್ಲಿನ ಕ್ಯಾರೊಲಿನ್ ಕ್ರೈಸ್ಲರ್ ಜೊತೆ ಮದುವೆ, ಇಬ್ಬರು ಗಂಡುಮಕ್ಕಳು. 1858ರ ಸುಮಾರಿಗೆ ಮತ್ತೆ ಗಂಟುಮೂಟೆ ಕಟ್ಟಿ ಗಡಿ ದಾಟಿದ. ಈ ಸಲ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸ್ಟೀವನ್ಸ್ ಪಾಯಿಂಟ್. ಅಲ್ಲೂ ಗಡಿಯಾರದ ಅಂಗಡಿಯೇ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಸೈನಿಕರ ಕೈಯಲ್ಲಿದ್ದದ್ದು ಹೆಚ್ಚಾಗಿ ಸ್ಪ್ರಿಂಗ್‌ಫೀಲ್ಡ್ ಕೋವಿ. ನಮ್ಮ ಕೇಪಿನ ಕೋವಿಯ ಹಾಗೆಯೇ ಅದಕ್ಕೂ ಬಾಯಿಯ ಕಡೆಯಿಂದ ಮದ್ದು, ಗುಂಡು ಹಾಕಿ ಗಜದಿಂದ ಜಡಿಯಬೇಕು. ನಿಂತೇ ಜಡಿಯಬೇಕಾದ್ದರಿಂದ ಶತ್ರುವಿಗೆ ಎದೆಯೊಡ್ಡಿ ನಿಂತಂತೆಯೇ. ಹಿಂದಿನಿಂದ ತೋಟಾ ಹಾಕುವ ಕೋವಿ ಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಲಕ್ಷಾಂತರ ಹಳೆಯ ಕೋವಿಗಳನ್ನು ಏನು ಮಾಡುವುದು ಎನ್ನುವುದು ಪ್ರಶ್ನೆ. ಲೀ ಅದನ್ನು ಮಾರ್ಪಡಿಸುವ ದಾರಿ ಹುಡುಕಿದ. ನಳಿಗೆಯೇ ಪಕ್ಕಕ್ಕೆ ತಿರುಗಿ, ಹಿಂಬದಿ ತೆರೆದುಕೊಂಡು, ತೋಟಾ ನುಂಗಿ ಮತ್ತೆ ತನ್ನ ಜಾಗಕ್ಕೆ ಬಂದು ಕೂರುವ ವ್ಯವಸ್ಥೆ. 1862ರಲ್ಲಿ ಪೇಟೆಂಟ್ ಸಿಕ್ಕಿತು.

ಬಂಡವಾಳದವರು ಜೊತೆಗೂಡಿದರು. ಮಿಲ್ವಾಕಿ ನಗರದಲ್ಲಿ ಲೀ ಹೆಸರಿನ ಕಂಪನಿ ಶುರುವಾಯಿತು. ಸೈನ್ಯ ಸಾವಿರ ಕಾರ್ಬೈನ್‌ಗಳಿಗೆ ಆರ್ಡರ್ ಕೊಟ್ಟಿತು. ಹಳ್ಳಿಯ ಗಡಿಯಾರದವನಿಗೆ ಇದಕ್ಕಿಂತ ದೊಡ್ಡ ಅವಕಾಶ ಬೇಕೆ? ಆದರೆ ಎಡವಟ್ಟಾದದ್ದು ನಳಿಗೆಯಲ್ಲಿ. ಸೈನ್ಯದ ಕರಾರಿನಲ್ಲಿದ್ದದ್ದು 0.44 ಇಂಚಿನ ತೂತು. ಕಂಪನಿಯ ಕಾರ್ಬೈನ್‌ನಲ್ಲಿದ್ದದ್ದು 0.42. ಇಂಚಿನ ನೂರರಲ್ಲಿ ಎರಡು ಪಾಲು, ಅಂದರೆ ಅರ್ಧ ಮಿಲಿಮೀಟರ್ ವ್ಯತ್ಯಾಸ. ಸೈನ್ಯ ಬೇಡವೆಂದಿತು. ಅಷ್ಟರಲ್ಲಿ 1865 ಬಂದು ಯುದ್ಧವೂ ಮುಗಿದಿತ್ತು. ಕಂಪನಿ ಚೇತರಿಸಿಕೊಳ್ಳಲಿಲ್ಲ. ಡ್ರಾಯಿಂಗ್‌ನಲ್ಲಿ ಒಂದು ಅಂಕಿ ತಪ್ಪಿ ಇಡೀ ಲಾಟ್ ವಾಪಸ್ ಬಂದ ಅನುಭವ ಇರುವ ನನ್ನಂಥವರಿಗೆ ಆ ದಿನ ಲೀಯ ಹೊಟ್ಟೆಯೊಳಗೆ ಏನಾಗಿರಬಹುದು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಅವನು ಸೋತು ಮತ್ತೆ ಗಡಿಯಾರಕ್ಕೆ ಮರಳಬಹುದಿತ್ತು. ಮರಳಲಿಲ್ಲ. ನ್ಯೂಯಾರ್ಕ್ ರಾಜ್ಯದ ರೆಮಿಂಗ್ಟನ್ ಕಾರ್ಖಾನೆಯ ನಂಟು ಬೆಳೆಯಿತು. 1875ರಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ಅವನ ಇನ್ನೊಂದು ಮಾದರಿ ತಯಾರಾಯಿತು. ನೂರೈವತ್ತಕ್ಕೂ ಕಡಿಮೆ ಬಂದೂಕುಗಳನ್ನು ಮಾಡಿ ಅದನ್ನೂ ಕೈಬಿಟ್ಟರು.

ಆಮೇಲೆ ಬಂದದ್ದು ಅವನ ದೊಡ್ಡ ಕೆಲಸ. ಆ ಕಾಲದ ಹಲವು ರೈಫಲ್‌ಗಳಲ್ಲಿ ಗುಂಡುಗಳನ್ನು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ತುಂಬುತ್ತಿದ್ದರು. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಬೆನ್ನಿಗೆ ತಾಗುತ್ತಿತ್ತು. ಒಂದೊಂದು ಗುಂಡು ಖಾಲಿಯಾದಂತೆ ಬಂದೂಕಿನ ತೂಕ ಮುಂದಿನಿಂದ ಹಿಂದಕ್ಕೆ ಸರಿಯುತ್ತಿತ್ತು. ಲೀ ಗುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಜೋಡಿಸಿ, ತಗಡಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೊಂದು ಸ್ಪ್ರಿಂಗ್ ಕೊಟ್ಟ. ಪೆಟ್ಟಿಗೆ ಬೋಲ್ಟಿನ ಕೆಳಗೆ ಕೂರುತ್ತದೆ. ಬೋಲ್ಟ್ ಹಿಂದೆಳೆದರೆ ಗುಂಡು ಮೇಲೇಳುತ್ತದೆ, ಮುಂದೆ ತಳ್ಳಿದರೆ ನಳಿಗೆ ಸೇರುತ್ತದೆ. ಪೆಟ್ಟಿಗೆಯನ್ನು ಕಳಚಿ ಇನ್ನೊಂದನ್ನು ಸಿಕ್ಕಿಸಬಹುದು. 1879ರ ನವೆಂಬರ್ 4ರಂದು ಇದಕ್ಕೆ ಪೇಟೆಂಟ್ ಆಯಿತು. ಸ್ಪ್ರಿಂಗ್ ಏನು ಮಾಡಬಲ್ಲದು ಎಂದು ಗಡಿಯಾರದವನಿಗೆ ಬೇರೆಯವರು ಹೇಳಬೇಕೆ? ಇವತ್ತು ಜಗತ್ತಿನ ಬಹುತೇಕ ಸೈನ್ಯಗಳ ರೈಫಲ್‌ಗಳಲ್ಲಿ ಕಾಣುವ ಮ್ಯಾಗಝಿನ್ ಈ ಪೆಟ್ಟಿಗೆಯ ಕುಲದ್ದೇ.

ಅದೃಷ್ಟ ಮಾತ್ರ ಎಂದಿನ ಹಾಗೆಯೇ ಇತ್ತು. ಅಮೆರಿಕದ ನೌಕಾಪಡೆ ಮುನ್ನೂರು ರೈಫಲ್ ಕೇಳಿತು. ಅದನ್ನು ಮಾಡಲು ಒಪ್ಪಿದ್ದ ಶಾರ್ಪ್ಸ್ ಕಂಪನಿ ನಡುವೆಯೇ ಬಾಗಿಲು ಹಾಕಿತು. ಕೆಲಸ ರೆಮಿಂಗ್ಟನ್‌ಗೆ ಹೋಯಿತು. 1886ರಲ್ಲಿ ರೆಮಿಂಗ್ಟನ್ನೂ ದಿವಾಳಿಯಾಯಿತು.

ಇವನನ್ನು ಹಿಡಿದೆತ್ತಿದ್ದು ಅವನ ಮನೆಯವರು ಐವತ್ತು ವರ್ಷದ ಹಿಂದೆ ಬಿಟ್ಟುಬಂದಿದ್ದ ದೇಶ. ಬ್ರಿಟಿಷ್ ಸೈನ್ಯ ಹೊಸ ರೈಫಲ್‌ಗಾಗಿ 1880ರ ದಶಕದುದ್ದಕ್ಕೂ ಪರೀಕ್ಷೆ ನಡೆಸಿತು. ಬೋಲ್ಟ್ ಮತ್ತು ಮ್ಯಾಗಝಿನ್ ಲೀಯದೇ ಇರಲಿ ಎಂದು ತೀರ್ಮಾನವಾಯಿತು. ನಳಿಗೆ ಮಾತ್ರ ಬೇರೆಯವರದು. ಅದರ ವಿನ್ಯಾಸ ವಿಲಿಯಂ ಎಲ್ಲಿಸ್ ಮೆಟ್‌ಫರ್ಡ್ ಎಂಬ ಸಿವಿಲ್ ಎಂಜಿನಿಯರನದು. ಈ ಮೆಟ್‌ಫರ್ಡ್ 1857ರಲ್ಲಿ ನಮ್ಮ ಬಿಹಾರದ ಮುಂಗೇರಿನಲ್ಲಿ ಈಸ್ಟ್ ಇಂಡಿಯನ್ ರೈಲ್ವೆಯ ಕೆಲಸಕ್ಕೆ ಬಂದಿದ್ದ, ದಂಗೆಯ ನಡುವೆ ಸಿಕ್ಕಿಕೊಂಡಿದ್ದ, ಆರೋಗ್ಯ ಕೆಟ್ಟು ವಾಪಸಾಗಿದ್ದ. ಅವನ ನಳಿಗೆಯ ತೂತು 0.303 ಇಂಚು. ನಮ್ಮ ಬಾಯಲ್ಲಿ ಉಳಿದ ತ್ರೀ ನಾಟ್ ತ್ರೀ ಎಂದರೆ ಇದೇ ಅಳತೆ. 1888ರ ಡಿಸೆಂಬರಿನಲ್ಲಿ ಲೀ-ಮೆಟ್‌ಫರ್ಡ್ ಸೈನ್ಯಕ್ಕೆ ಸೇರಿತು.

ಬೇರೆ ನಳಿಗೆ ಬಂದ ಮೇಲೆ ಮರವೂ ಬೇರೆಯಾಗಬೇಕು. ರೆಮಿಂಗ್ಟನ್ ಮಾಡುತ್ತಿದ್ದ ಲೀ ರೈಫಲ್‌ಗೆ ತುದಿಯಿಂದ ಬುಡದವರೆಗೆ ಒಂದೇ ಮರ. ಬ್ರಿಟಿಷರು ಅದನ್ನು ಎರಡು ಮಾಡಿದರು. ಭುಜಕ್ಕೆ ಆನಿಸುವ ಹಿಂಬದಿ ಬೇರೆ, ನಳಿಗೆ ಹೊರುವ ಮುಂಬದಿ ಬೇರೆ. ನಡುವೆ ಉಕ್ಕಿನ ಒಂದು ಗೂಡು. ಹಿಂದಿನ ಮರ ಅದರೊಳಗೆ ಹೊಕ್ಕು ಕೂರುತ್ತದೆ, ಉದ್ದನೆಯ ಬೋಲ್ಟ್ ಒಂದು ಮರದ ಒಳಗಿನಿಂದಲೇ ಹಾದು ಅದನ್ನು ಬಿಗಿಯುತ್ತದೆ. ಹಳೆಯ ಮಾರ್ಟಿನಿ-ಹೆನ್ರಿ ಕೋವಿಯಿಂದ ತಂದ ಉಪಾಯವಿದು. ಲೀಯ ಚೊಕ್ಕ ವಿನ್ಯಾಸವನ್ನು ಕಡಿದು ಹಾಕಿದಂತೆ ಕಂಡರೂ ಇದರಿಂದ ಲಾಭವೇ ಆಯಿತು. ಮುಂದೆ ಗಿಡ್ಡ ಕೈಯವನಿಗೆ ಗಿಡ್ಡ ಮರ, ಉದ್ದ ಕೈಯವನಿಗೆ ಉದ್ದ ಮರ ಎಂದು ಅಳತೆಗಳು ಬಂದವು. ಒಂದು ತುಂಡು ಮುರಿದರೆ ಅದೊಂದನ್ನೇ ಬದಲಿಸಿದರಾಯಿತು. ಉದ್ದನೆಯ ದೋಷವಿಲ್ಲದ ಮರವೇ ಬೇಕೆಂಬ ಹಟವೂ ಇಲ್ಲ.

ಅಲ್ಲಿಗೆ ಕತೆ ಮುಗಿಯಲಿಲ್ಲ. ಕರಿಮದ್ದಿನ ಬದಲು ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದು ಬಂತು. ಅದರ ಬಿಸಿಗೆ ಮೆಟ್‌ಫರ್ಡನ ನಳಿಗೆಯೊಳಗಿನ ತೆಳುವಾದ ಸುರುಳಿ ಗೀರುಗಳು ಬೇಗ ಸವೆದುಹೋದವು. 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆ ಐದು ಆಳವಾದ ಗೀರುಗಳ ಹೊಸ ನಳಿಗೆ ಕೊಟ್ಟಿತು. ಮೆಟ್‌ಫರ್ಡನ ಹೆಸರು ಹೋಯಿತು, ಎನ್‌ಫೀಲ್ಡ್ ಬಂತು. ಲೀ ಅಲ್ಲೇ ಉಳಿದ.

ದಕ್ಷಿಣ ಆಫ್ರಿಕದ ಬೋಯರ್ ಯುದ್ಧ 1902ರಲ್ಲಿ ಮುಗಿದ ಮೇಲೆ ಇನ್ನೊಂದು ಬದಲಾವಣೆ. ಕಾಲಾಳಿಗೆ ಉದ್ದದ ರೈಫಲ್, ಕುದುರೆ ಸವಾರನಿಗೆ ಗಿಡ್ಡ ಕಾರ್ಬೈನ್ ಎಂಬ ಭೇದ ಬೇಡ, ಎಲ್ಲರಿಗೂ ಒಂದೇ ಇರಲಿ ಎಂದು 30.2 ಇಂಚಿನ ನಳಿಗೆಯನ್ನು 25.2ಕ್ಕೆ ಇಳಿಸಿದರು. ಉಗ್ರಾಣದಲ್ಲಿದ್ದ ಹಳೆಯ ಉದ್ದ ರೈಫಲ್‌ಗಳನ್ನೂ ಬಿಸಾಡಲಿಲ್ಲ. ಅವುಗಳ ಬೋಲ್ಟು, ಉಕ್ಕಿನ ಮೈ ಇಟ್ಟುಕೊಂಡು ಹೊಸ ಗಿಡ್ಡ ನಳಿಗೆ ತೊಡಿಸಿ, ಅದಕ್ಕೆ ತಕ್ಕ ಮರ ಕೂರಿಸಿದರು.

ಈ ಗಿಡ್ಡ ರೈಫಲ್‌ನ ಮರಗೆಲಸವೇ ಒಂದು ವಿದ್ಯೆ. ಎನ್‌ಸಿಸಿಯಲ್ಲಿ ಹಿಡಿದವರಿಗೆ ನೆನಪಿರಬಹುದು, ನಳಿಗೆಯ ತುದಿಯವರೆಗೂ ಮರದ ಹೊದಿಕೆ. ಆದರೆ ಒಳಗೆ ನಳಿಗೆ ಮರಕ್ಕೆ ಎಲ್ಲೆಂದರಲ್ಲಿ ತಾಗುವ ಹಾಗಿಲ್ಲ. ಗುಂಡು ಹಾರುವಾಗ ನಳಿಗೆ ಚಾಟಿಯಂತೆ ಕಂಪಿಸುತ್ತದೆ, ಬಿಸಿಗೆ ಹಿಗ್ಗುತ್ತದೆ. ಆಗ ಒಂದು ಬದಿಗೆ ಮರ ಒತ್ತಿದರೆ ಗುಂಡು ಇನ್ನೊಂದು ಬದಿಗೆ ಓಡುತ್ತದೆ. ಆದ್ದರಿಂದ ಬುಡದಲ್ಲಿ ಗಟ್ಟಿಯಾಗಿ ಕೂರಬೇಕು, ನಡುವೆ ಬಿಡುವಿರಬೇಕು, ತುದಿಯ ಹತ್ತಿರ ಸಣ್ಣ ಸ್ಪ್ರಿಂಗ್ ಒಂದು ಕೆಳಗಿನಿಂದ ಹಗುರವಾಗಿ ಎತ್ತಿ ಹಿಡಿಯಬೇಕು. ಗುಂಡಿನ ಪೆಟ್ಟನ್ನು ತಡೆಯುವುದು ಮರದ ಹಿಂತುದಿಯ ಎರಡು ಪುಟ್ಟ ಮೂಲೆಗಳು. ಅವು ಎರಡೂ ಸಮನಾಗಿ ಉಕ್ಕಿಗೆ ತಾಗದಿದ್ದರೆ ಕೆಲವೇ ದಿನಗಳಲ್ಲಿ ಮರ ಸೀಳುತ್ತದೆ. ನಮ್ಮ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆಯವರು ಈ ಸೀಳುವ ಜಾಗಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಹಾಕಿದರು. ಜಗತ್ತಿನ ಬಂದೂಕು ಪ್ರಿಯರು ಅದನ್ನು ಇವತ್ತಿಗೂ ಇಶಾಪುರ ಸ್ಕ್ರೂ ಎಂದೇ ಕರೆಯುತ್ತಾರೆ. ಸಕಲೇಶಪುರದ ಆಚಾರ್ರು ಮಸಿ ಬಳಿದು ಹುಡುಕುತ್ತಿದ್ದದ್ದೂ ಈ ತಾಗುವ ಜಾಗಗಳನ್ನೇ.

ಅಮೆರಿಕದಲ್ಲಿ ಲೀಗೆ ಕೊನೆಯವರೆಗೂ ನೆಲೆ ಸಿಗಲಿಲ್ಲ. 1892ರಲ್ಲಿ ಅಲ್ಲಿನ ಸೈನ್ಯ ನಾರ್ವೆಯ ಕ್ರಾಗ್ ರೈಫಲ್ ಆರಿಸಿಕೊಂಡಿತು. 1895ರಲ್ಲಿ ನೌಕಾಪಡೆ ಅವನ ಇನ್ನೊಂದು ರೈಫಲನ್ನು ಒಪ್ಪಿತು, ವಿಂಚೆಸ್ಟರ್ ಕಂಪನಿ ತಯಾರಿಸಿತು. ಅದರ ನಳಿಗೆ 6 ಮಿಲಿಮೀಟರಿನದು, ಸೈನ್ಯದ್ದು ಬೇರೆ ಅಳತೆ. ಒಂದೇ ದೇಶದ ಎರಡು ಪಡೆಗಳಿಗೆ ಎರಡು ಬಗೆಯ ಗುಂಡು ಒದಗಿಸುವುದು ತಲೆನೋವಾಗಿ, ಕೆಲವೇ ವರ್ಷಗಳಲ್ಲಿ ಲೀಯ ರೈಫಲ್ ಮೂಲೆ ಸೇರಿತು. ಮಿಲ್ವಾಕಿಯಲ್ಲಿ ಆದದ್ದೇ ಇಲ್ಲೂ ಆಯಿತು. ಯಂತ್ರ ಚೆನ್ನಾಗಿತ್ತು, ತೂತಿನ ಅಳತೆ ಹೊಂದಲಿಲ್ಲ.

1904ರ ಫೆಬ್ರವರಿ 24ರಂದು ಕನೆಕ್ಟಿಕಟ್ ರಾಜ್ಯದ ಶಾರ್ಟ್ ಬೀಚ್ ಎಂಬಲ್ಲಿ ಲೀ ತೀರಿಕೊಂಡ. 72 ವರ್ಷವಾಗಿತ್ತು. ಅವನ ಹೆಸರಿನ ಗಿಡ್ಡ ರೈಫಲ್ ಆಗಷ್ಟೇ ಬ್ರಿಟಿಷ್ ಸೈನಿಕರ ಕೈಗೆ ಬರುತ್ತಿತ್ತು. ಎರಡು ಮಹಾಯುದ್ಧಗಳಲ್ಲಿ ಅದು ಏನೇನು ಮಾಡಿತು ಎಂಬುದನ್ನು ಅವನು ಕಾಣಲಿಲ್ಲ.

ಕಾಣದಿದ್ದದ್ದು ಇನ್ನೂ ಇದೆ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಡೈಯರ್‌ನ ಸೈನಿಕರು ಹಾರಿಸಿದ 1,650 ಗುಂಡುಗಳು ಈ ಬಂದೂಕಿನವೇ. ಸರಾಗವಾಗಿ ಓಡುವ ಬೋಲ್ಟ್, ಹತ್ತು ಗುಂಡಿನ ಪೆಟ್ಟಿಗೆ ಅಂದು ಯಾರ ಮೇಲೆ ಕೆಲಸ ಮಾಡಿದವು ಎಂಬುದನ್ನು ಬಿಟ್ಟು ಈ ಮನುಷ್ಯನ ಕತೆ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಒಳ್ಳೆಯ ಫಿಟ್ ಎಂದು ನಾವು ಮೆಚ್ಚಿಕೊಳ್ಳುವ ಮರ ಯಾರ ಭುಜಕ್ಕಾದರೂ ಕೂರುತ್ತದೆ.

1857ರ ನಂತರ ಭಾರತೀಯ ಸಿಪಾಯಿಗೆ ಗೋರಾ ಸೈನಿಕನಿಗಿಂತ ಒಂದು ತಲೆಮಾರು ಹಳೆಯ ಬಂದೂಕು ಕೊಡುವುದು ಸರಕಾರದ ರೂಢಿಯಾಗಿತ್ತು. ಪೊಲೀಸರ ಮೇಲಂತೂ ಇನ್ನೂ ಅಪನಂಬಿಕೆ. ಅವರಿಗಾಗಿ ಇಶಾಪುರದಲ್ಲಿ ಲೀ-ಎನ್‌ಫೀಲ್ಡ್ ನಳಿಗೆಯನ್ನು ಕೊರೆದು, ಸುರುಳಿ ಗೀರುಗಳನ್ನೇ ಅಳಿಸಿ, 0.410 ಇಂಚಿನ ನಯವಾದ ಕೊಳವೆ ಮಾಡಿದರು. ಲೀ ಬದುಕನ್ನೇ ತೇದು ಮಾಡಿದ್ದ ಮ್ಯಾಗಝಿನ್ ಕಿತ್ತು, ಆ ಜಾಗಕ್ಕೆ ಒಂದು ಮರದ ತುಂಡು ತುರುಕಿದರು. ಒಂದು ಸಲಕ್ಕೆ ಒಂದೇ ಗುಂಡು. ತರಬೇತಿಗೆಂದು ಹಳೆಯ ನಳಿಗೆಯೊಳಗೆ ಸಣ್ಣ ಕೊಳವೆ ಸೇರಿಸಿ 0.22 ಇಂಚಿನದನ್ನೂ ಮಾಡಿದರು. ಈ ಎಲ್ಲ ಅವತಾರಗಳಲ್ಲೂ ಬೋಲ್ಟ್ ಮತ್ತು ಆ ಎರಡು ತುಂಡು ಮರ ಹಾಗೆಯೇ ಇದ್ದವು.

ಕೊನೆಯ ನಳಿಗೆ ಬದಲಾದದ್ದು ನಮ್ಮದೇ ಕಾಲದಲ್ಲಿ. 1962ರಲ್ಲಿ ಹಿಮಾಲಯದಲ್ಲಿ ಚೀನಾದ ಎದುರು ನಮ್ಮ ಜವಾನರು ನಿಂತದ್ದು ತ್ರೀ ನಾಟ್ ತ್ರೀ ಹಿಡಿದೇ. ಸೈನ್ಯ ಆಗ 7.62 ಮಿಲಿಮೀಟರಿನ ಗುಂಡಿಗೆ ಬದಲಾಗುತ್ತಿತ್ತು. ಹೊಸ ರೈಫಲ್ ಎಲ್ಲರಿಗೂ ಸಾಲುವುದಿಲ್ಲ ಎಂದು ಇಶಾಪುರದ ಎಂಜಿನಿಯರುಗಳು ಲೀಯ ಬಂದೂಕನ್ನೇ ಹೊಸ ಗುಂಡಿಗೆ ಒಗ್ಗಿಸಿದರು. ಒತ್ತಡ ತಾಳುವ ಗಟ್ಟಿ ಉಕ್ಕು, 7.62ರ ನಳಿಗೆ, ಹೊಸ ಗುಂಡಿಗೆ ತಕ್ಕ ಚೌಕನೆಯ ಮ್ಯಾಗಝಿನ್. ಮರ ಹೆಚ್ಚು ಕಡಿಮೆ ಹಳೆಯದೇ. ಹೆಸರು 2ಎ, ಆಮೇಲೆ 2ಎ1.

ಒಳ್ಳೆಯ ಯಂತ್ರಕ್ಕೂ ಅವಧಿ ಇರುತ್ತದೆ. 2008ರ ನವೆಂಬರ್ 26ರ ರಾತ್ರಿ ಮುಂಬೈನ ಸಿಎಸ್‌ಟಿ ನಿಲ್ದಾಣದಲ್ಲಿ ಎಕೆ-47ಗಳ ಎದುರು ಪೊಲೀಸರ ಕೈಯಲ್ಲಿ ಇದೇ ಹಳೆಯ ಬಂದೂಕು ಇತ್ತು. ಮುಂಬೈಯಲ್ಲಿರುವ ನಮ್ಮವರಿಗೆ ಅದನ್ನು ವಿವರಿಸುವ ಅಗತ್ಯವಿಲ್ಲ. ನಳಿಗೆ, ಮರ ಎಷ್ಟು ಸಲ ಬದಲಿಸಿದರೂ ಆ ಅಂತರ ತುಂಬುವಂತಿರಲಿಲ್ಲ. ಬಂದೂಕನ್ನು ದೂರುವುದಕ್ಕಿಂತ, ಅದನ್ನೇ ಸಾಕು ಎಂದು ಕೈಗಿಟ್ಟು ಕಳಿಸಿದವರು ಯೋಚಿಸಬೇಕಿತ್ತು.

ಹಳೆಯ ಗಿಡ್ಡ ರೈಫಲ್‌ನಲ್ಲಿ ಹಿಂಬದಿಯ ಮರ ಹೊಕ್ಕುವ ಉಕ್ಕಿನ ಗೂಡಿದೆಯಲ್ಲ, ಅದರ ಮೇಲೆ ಕಿರೀಟ, ಇಸವಿ ಮತ್ತು ಕೆಲವು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಎಸ್‌ಎಚ್‌ಟಿ ಎಂದರೆ ಗಿಡ್ಡ, ಎಲ್ ಎಂದರೆ ಲೀ, ಇ ಎಂದರೆ ಎನ್‌ಫೀಲ್ಡ್. 2ಎ1ರ ಮೇಲೆ ಕಾರ್ಖಾನೆಯ ಗುರುತು, ಇಸವಿ, 7.62 ಎಂಬ ಅಂಕಿ ಇದೆ. ಎಲ್ ಇಲ್ಲ. ಬೋಲ್ಟ್ ಎಳೆದರೆ ಮಾತ್ರ ಅದು ಅವನದೇ.

ಕಳೆದ ವರ್ಷ ಮಗಳ ಶಾಲೆಯ ಫಾರ್ಮು ತುಂಬುವಾಗ ಇದು ನೆನಪಾಯಿತು. ಅಜ್ಜನ ಇನಿಷಿಯಲ್‌ನಲ್ಲಿ ಊರಿನ ಹೆಸರಿತ್ತು, ನನ್ನದರಲ್ಲೂ ಇದೆ. ಇಲ್ಲಿನ ಫಾರ್ಮಿನಲ್ಲಿ ಇನಿಷಿಯಲ್‌ಗೆ ಮನೆಯೇ ಇಲ್ಲ. ಮೊದಲ ಹೆಸರು, ಕೊನೆಯ ಹೆಸರು, ಅಷ್ಟೆ. ಅವಳ ಹೆಸರಿನಿಂದ ಊರು ಉದುರಿತು. ಸಂಜೆ ಅವಳು ಮುರಿದ ಪೆನ್ಸಿಲ್ ಬಾಕ್ಸಿನ ಮುಚ್ಚಳವನ್ನು ಬೇರೊಂದು ಬಾಕ್ಸಿಗೆ ಕೂರಿಸಲು ಒದ್ದಾಡುತ್ತಿದ್ದಳು. ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಅಂಚಿಗೆ ಸ್ಕೆಚ್ ಪೆನ್ನಿನ ಬಣ್ಣ ಬಳಿದು ಒತ್ತಿ ನೋಡುತ್ತಿದ್ದಳು. ನಾನು ಅವಳಿಗೆ ಅದನ್ನು ಹೇಳಿಕೊಟ್ಟ ನೆನಪಿಲ್ಲ.